ಮೂರನೇ ಒಂದು ಭಾಗವೇ ಏಕೆ? ಪಿರಮಿಡ್ ಘನಫಲ ಕಲಿಸುವವರ ಪ್ರಶ್ನೆಗಳು

ಪಿರಮಿಡ್ಡಿನ ಘನಫಲ ಅಷ್ಟೇ ಪಾದ, ಅಷ್ಟೇ ಎತ್ತರದ ಡಬ್ಬಿಯ ಘನಫಲದ ಮೂರನೇ ಒಂದು ಭಾಗ ಎನ್ನುತ್ತದೆ ಸೂತ್ರ. ಇದರ ಬಗ್ಗೆ ಶಿಕ್ಷಕರಿಂದ, ಪೋಷಕರಿಂದ, ವಿದ್ಯಾರ್ಥಿಗಳಿಂದ ಬಂದ ಪತ್ರಗಳಲ್ಲಿ ಐದನ್ನು ಈ ಸಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಎಂಟನೇ ತರಗತಿಯಲ್ಲಿ ಗುಂಪು ಮಾಡಿ 10 ಸೆಂ.ಮೀ. ಅಳತೆಯ ಘನಾಕಾರದ ಡಬ್ಬಿ, ಅಷ್ಟೇ ಪಾದ ಮತ್ತು ಅಷ್ಟೇ ಎತ್ತರದ ಪಿರಮಿಡ್ ಮಾಡಿಸಿದೆ. ಮೂರು ಸಲ ರವೆ ತುಂಬಿ ಸುರಿದರೂ ಡಬ್ಬಿ ತುಂಬಲಿಲ್ಲ, ಹೆಚ್ಚುಕಡಿಮೆ ಮೂರೂವರೆ ಬೇಕಾಯಿತು. ಒಂದು ಗುಂಪಿಗೆ ನಾಲ್ಕೂ ಸಾಲಲಿಲ್ಲ. ಇನ್ನೊಂದು ಗುಂಪಿಗೆ ಮೂರಕ್ಕೆ ಮೊದಲೇ ತುಂಬಿ ಚೆಲ್ಲಿತು. ಎಲ್ಲಿ ಎಡವಿದೆವು?
— ಗಣಿತ ಶಿಕ್ಷಕಿ, ಹಾವೇರಿ ಜಿಲ್ಲೆ

ಉತ್ತರ: ಮೇಡಂ, ಸೂತ್ರವೂ ಸರಿ, ನಿಮ್ಮ ಮಕ್ಕಳ ಎಣಿಕೆಯೂ ಸರಿ. ತಪ್ಪಿದ್ದು ಕಾಗದ ಕತ್ತರಿಸುವಾಗ. ಯಾವ ಗುಂಪು ಏನು ತಪ್ಪು ಮಾಡಿದೆ ಎಂಬುದನ್ನು ಅವರಿಗೆ ಬಂದ ಸಂಖ್ಯೆಯಿಂದಲೇ ಹೇಳಬಹುದು.

ಮೂರೂವರೆ ಬಂದ ಗುಂಪಿನವರು ಪಕ್ಕದ ತ್ರಿಭುಜಗಳನ್ನು 10 ಸೆಂ.ಮೀ. ಎತ್ತರಕ್ಕೆ ಬರೆದಿದ್ದಾರೆ. ಆದರೆ ಆ ತ್ರಿಭುಜ ನೆಟ್ಟಗೆ ನಿಲ್ಲುವುದಿಲ್ಲ, ಒಳಕ್ಕೆ ವಾಲುತ್ತದೆ. ಅದರ ಎತ್ತರ ಪಿರಮಿಡ್ಡಿಗೆ ಓರೆ ಎತ್ತರ. ಓರೆ ಎತ್ತರ 10, ಪಾದದ ಅರ್ಧ 5 ಆದರೆ ನಿಜವಾದ ಲಂಬ ಎತ್ತರ 100ರಿಂದ 25 ಕಳೆದು ವರ್ಗಮೂಲ ತೆಗೆದಷ್ಟು, ಅಂದರೆ 8.66 ಸೆಂ.ಮೀ. ಮಾತ್ರ. ಆ ಪಿರಮಿಡ್ಡಿನಲ್ಲಿ ಹಿಡಿಯುವುದು ಸುಮಾರು 289 ಘನ ಸೆಂ.ಮೀ. ಸಾವಿರವನ್ನು ಅದರಿಂದ ಭಾಗಿಸಿದರೆ 3.46.

ನಾಲ್ಕೂ ಸಾಲದ ಗುಂಪಿನವರು ಎಲ್ಲ ಅಂಚನ್ನೂ 10 ಇಟ್ಟು ಸಮಬಾಹು ತ್ರಿಭುಜ ಬರೆದಿರಬೇಕು. ಅದರ ಲಂಬ ಎತ್ತರ ಬರೀ 7.07 ಸೆಂ.ಮೀ., ಲೆಕ್ಕಕ್ಕೆ 4.24 ಸಲ ಬೇಕು.

ಮೂರಕ್ಕೆ ಮೊದಲೇ ತುಂಬಿದವರ ಪಿರಮಿಡ್ ಸರಿಯಾಗಿಯೇ ಇರಬಹುದು, ಡಬ್ಬಿ ನೋಡಿ. 2 ಮಿ.ಮೀ. ದಪ್ಪದ ರಟ್ಟಿನಲ್ಲಿ ಹೊರ ಅಳತೆ 10 ಇಟ್ಟು ಮಾಡಿದರೆ ಒಳಗೆ ಉಳಿಯುವುದು 9.6 × 9.6 × 9.8. ಅದು ಸುಮಾರು 903 ಘನ ಸೆಂ.ಮೀ., ಹಾಗಾಗಿ 2.7 ಸಲಕ್ಕೇ ಭರ್ತಿ. ಘನಫಲದ ಪ್ರಯೋಗದಲ್ಲಿ ಯಾವಾಗಲೂ ಒಳ ಅಳತೆಯೇ ಲೆಕ್ಕ.

ಮುಂದಿನ ಸಲ ಹೀಗೆ ಮಾಡಿಸಿ. ಲಂಬ ಎತ್ತರ 10 ಬರಬೇಕಾದರೆ ಓರೆ ಎತ್ತರ 125ರ ವರ್ಗಮೂಲ, ಅಂದರೆ 11.2 ಸೆಂ.ಮೀ. ಇರಬೇಕು. 10 ಸೆಂ.ಮೀ. ಗೆರೆ ಎಳೆದು, ಅದರ ನಡುಬಿಂದುವಿನಿಂದ ಸೆಟ್‌ಸ್ಕ್ವೇರ್ ಹಿಡಿದು 11.2ರ ಲಂಬ ಎಳೆದು, ತುದಿಗಳನ್ನು ಸೇರಿಸಲಿ. ಪಕ್ಕದ ಅಂಚು ಅಳೆದಾಗ 12.2 ಅಥವಾ 12.3 ಬಂದರೆ ತ್ರಿಭುಜ ಸರಿ ಇದೆ. ಇದನ್ನು ರಟ್ಟಿನಲ್ಲಿ ಕತ್ತರಿಸಿ ಅಚ್ಚು ಮಾಡಿಕೊಂಡು, ಡ್ರಾಯಿಂಗ್ ಶೀಟಿನ ಮೇಲೆ ಒಂದೇ ತುದಿಯ ಸುತ್ತ ನಾಲ್ಕು ಸಲ ಪಕ್ಕಪಕ್ಕಕ್ಕೆ ಇಟ್ಟು ಗೆರೆ ಹಾಕಿದರೆ ಇಡೀ ಜಾಲಾಕೃತಿ ಸಿಕ್ಕಿತು. ಕೊನೆಯ ಅಂಚಿಗೆ ಮಾತ್ರ ಅಂಟಿಸಲು 1 ಸೆಂ.ಮೀ. ಪಟ್ಟಿ ಬಿಡಿ. ಪಾದ ಮುಚ್ಚುವುದು ಬೇಡ, ಅದೇ ತುಂಬುವ ಬಾಯಿ.

ಶೀಟು ತೀರ ತೆಳುವಾದರೆ ಗೋಡೆ ಉಬ್ಬಿ ಹೆಚ್ಚು ಹಿಡಿಯುತ್ತದೆ, ಬಾಯಿಯೂ ಸೊಟ್ಟಗಾಗುತ್ತದೆ. ಹಳೆಯ ಲಗ್ನಪತ್ರಿಕೆಯ ದಪ್ಪ ಕಾಗದ ಇದಕ್ಕೆ ಹೇಳಿ ಮಾಡಿಸಿದಂತಿರುತ್ತದೆ. ನಾಲ್ಕು ತ್ರಿಭುಜಗಳನ್ನು ಬಿಡಿಬಿಡಿಯಾಗಿ ಕತ್ತರಿಸಿ ಹೊರಗಿನಿಂದ ಟೇಪ್ ಹಚ್ಚಿದರಾಯಿತು. ತುಂಬುವ ಮೊದಲು ಬಾಯಿಯ ಎರಡೂ ಕರ್ಣಗಳು 14.1 ಸೆಂ.ಮೀ. ಇವೆಯೇ ಎಂದು ನೋಡಿ. ಇವೆ ಎಂದಾದರೆ ಬಾಯಿ ಚೌಕವಾಗಿದೆ.

ರವೆಯ ಬದಲು ರಾಗಿ ಅಥವಾ ಸಾಸಿವೆ ಬಳಸಿ. ರವೆ ತಟ್ಟಿದಷ್ಟೂ ಕುಸಿಯುತ್ತದೆ. ಪಿರಮಿಡ್ಡಿನಲ್ಲಿ ಸಡಿಲವಾಗಿ ತುಂಬಿ, ಡಬ್ಬಿಯನ್ನು ತಟ್ಟಿ ತಟ್ಟಿ ಕೂರಿಸಿದರೆ ಅಳತೆ ಕಣ್ಣಿಗೆ ಕಾಣುವಷ್ಟು ತಪ್ಪುತ್ತದೆ. ಉರುಟು ಕಾಳಿನಲ್ಲಿ ಈ ತೊಂದರೆ ಕಡಿಮೆ. ಏನನ್ನೇ ತುಂಬಲಿ, ಎರಡನ್ನೂ ತಟ್ಟಬೇಡಿ, ಪ್ರತಿ ಸಲವೂ ಸ್ಕೇಲಿನಿಂದ ಬಾಯಿಮಟ್ಟಕ್ಕೆ ಸವರಿ. ಮೂರನೆಯ ಸಲ ಡಬ್ಬಿಯ ಅಂಚಿಗಿಂತ ಎರಡು ಮೂರು ಮಿ.ಮೀ. ಹೆಚ್ಚು ಕಡಿಮೆ ಆದರೆ ಅದು ಕೈಕೆಲಸದ ವ್ಯತ್ಯಾಸ, ಅಷ್ಟಕ್ಕೆ ಚಿಂತಿಸಬೇಕಿಲ್ಲ.

ಒಂದು ಮಾತು: ಮೂರೂವರೆ ಬಂದ ಪಿರಮಿಡ್ಡನ್ನು ಎಸೆಯಬೇಡಿ. ಅದನ್ನೂ ಸರಿಯಾದದ್ದನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಡಿ. ಓರೆ ಎತ್ತರಕ್ಕೂ ಲಂಬ ಎತ್ತರಕ್ಕೂ ಇರುವ ಭೇದ ತಿಳಿಸಲು ಅದಕ್ಕಿಂತ ಒಳ್ಳೆಯ ಸಾಮಗ್ರಿ ಬೇರೆ ಸಿಗದು.

ಪ್ರಶ್ನೆ: ಪ್ರಯೋಗ ಚೆನ್ನಾಗಿಯೇ ಬಂತು. ಆದರೆ ಒಬ್ಬ ವಿದ್ಯಾರ್ಥಿ, “ಸರ್, ಇದು ಮೂರೋ ಅಥವಾ ಮೂರು ಪಾಯಿಂಟ್ ಸೊನ್ನೆ ಐದೋ, ಕಾಳು ಸುರಿದು ಹೇಗೆ ಹೇಳುತ್ತೀರಿ?” ಎಂದ. ಏನು ತೋರಿಸಲಿ?
— ಶಿಕ್ಷಕರು, ಪುತ್ತೂರು

ಉತ್ತರ: ಆ ಹುಡುಗನ ಪ್ರಶ್ನೆ ನ್ಯಾಯವಾದದ್ದು. ಕಾಳು ಅಂದಾಜನ್ನಷ್ಟೇ ಕೊಡುತ್ತದೆ. ಸರಿಯಾಗಿ ಮೂರೇ ಎನ್ನಲು ಒಂದು ಘನವನ್ನು ಮೂರು ಸಮನಾದ ಪಿರಮಿಡ್ಡುಗಳಾಗಿ ಒಡೆದು ತೋರಿಸಬೇಕು. ಚೀನಾದ ಲಿಯು ಹುಯಿ ಕ್ರಿ.ಶ. 263ರಲ್ಲೇ ಈ ತುಂಡುಗಳನ್ನು ಇಟ್ಟುಕೊಂಡು ವಾದಿಸಿದ್ದ.

6 ಸೆಂ.ಮೀ. ಘನ ಸಾಕು. ಎಬಿಸಿಡಿ ಎಂಬ 6 ಸೆಂ.ಮೀ. ಚೌಕ ಬರೆಯಿರಿ. ಎಬಿ ಮತ್ತು ಎಡಿ ಬಾಹುಗಳ ಮೇಲೆ, ಎ ಬಿಂದುವಿನಲ್ಲಿ, ಚೌಕದ ಹೊರಕ್ಕೆ ತಲಾ 6 ಸೆಂ.ಮೀ. ಲಂಬ ಎಳೆದು ಲಂಬಕೋನ ತ್ರಿಭುಜ ಪೂರ್ಣಗೊಳಿಸಿ. ಬಿಸಿ ಬಾಹುವಿಗೆ ಬಿ ಬಿಂದುವಿನಲ್ಲಿ, ಡಿಸಿ ಬಾಹುವಿಗೆ ಡಿ ಬಿಂದುವಿನಲ್ಲಿ ಹೊರಕ್ಕೆ 8.5 ಸೆಂ.ಮೀ. ಲಂಬ ಎಳೆದು ಇನ್ನೆರಡು ತ್ರಿಭುಜ ಮಾಡಿ. 8.5 ಎಂಬುದು ಮೊದಲ ತ್ರಿಭುಜಗಳ ವಿಕರ್ಣ. ಮಡಚಿದಾಗ ಇವೆರಡೂ ಒಂದೇ ಅಂಚಾಗಿ ಕೂಡಬೇಕು, ಆದ್ದರಿಂದಲೇ ಆ ಅಳತೆ. ದೊಡ್ಡ ತ್ರಿಭುಜಗಳ ವಿಕರ್ಣ 10.4 ಬರುತ್ತದೆ. ಮಡಚಿದರೆ ತುದಿ ಚೌಕದ ನಡುವಿನ ಮೇಲಲ್ಲ, ಎ ಮೂಲೆಯ ನೇರ ಮೇಲೆ 6 ಸೆಂ.ಮೀ. ಎತ್ತರದಲ್ಲಿ ನಿಲ್ಲುತ್ತದೆ.

ಇಂಥವು ಮೂರು. ಜೋಡಿಸುವಾಗ ಮಕ್ಕಳು ಚೌಕವನ್ನು ಮೇಜಿನ ಮೇಲೆ ಕೂರಿಸಿಕೊಂಡು ಒದ್ದಾಡುತ್ತಾರೆ. ಮೂರರ 10.4ರ ಉದ್ದ ಅಂಚುಗಳು ಒಂದೇ ಕಡೆ, ಘನದ ಒಳಕರ್ಣವಾಗಿ ಸೇರಬೇಕು. ಮೂರು ಚೌಕಗಳೂ ಹೊರಗೆ ಕಾಣಬೇಕು. ಇಷ್ಟು ಹೇಳಿದರೆ ಸಾಕು. ಘನ 216, ಮೂರೂ ತುಂಡು ಒಂದೇ ಅಚ್ಚಿನವು, ಆದ್ದರಿಂದ ತಲಾ 72. ಇಲ್ಲಿ ಅಂದಾಜಿಗೆ ಜಾಗವಿಲ್ಲ.

“ಆದರೆ ಇದರ ತುದಿ ಮೂಲೆಯಲ್ಲಿದೆಯಲ್ಲ, ಪುಸ್ತಕದ ಪಿರಮಿಡ್ಡಿನ ತುದಿ ನಡುವೆ ಇದೆ” ಎಂದು ಅದೇ ಹುಡುಗ ಕೇಳುತ್ತಾನೆ, ಕೇಳಬೇಕು. ಒಂದೇ ದಪ್ಪದ ರಟ್ಟಿನಲ್ಲಿ 10, 9, 8 ಹೀಗೆ 1 ಸೆಂ.ಮೀ.ವರೆಗೆ ಹತ್ತು ಚೌಕ ಕತ್ತರಿಸಿಡಿ. ನಡುವಿಗೆ ಹೊಂದಿಸಿ ಪೇರಿಸಿದರೆ ನೆಟ್ಟಗಿನ ಪಿರಮಿಡ್, ಎಲ್ಲವನ್ನೂ ಒಂದು ಮೂಲೆಗೆ ಸರಿಸಿದರೆ ಮೂಲೆ ಪಿರಮಿಡ್. ರಟ್ಟು ಅದೇ, ಎತ್ತರ ಅದೇ, ಹಾಗಾಗಿ ಘನಫಲವೂ ಅದೇ. ಪ್ರತಿ ಚೌಕದ ಜಾಗದಲ್ಲಿ ಎರಡು ಪಟ್ಟು ದಪ್ಪದ್ದನ್ನು ಇಟ್ಟರೆ ಎತ್ತರವೂ ಘನಫಲವೂ ಎರಡು ಪಟ್ಟಾಗುತ್ತವೆ. ಘನದಲ್ಲಿ ಸಿಕ್ಕ ಮೂರನೇ ಒಂದು ಬೇರೆ ಎತ್ತರದ ಪಿರಮಿಡ್ಡಿಗೂ ಹೀಗೆ ಹೊಂದುತ್ತದೆ.

ಪ್ರಶ್ನೆ: ನನ್ನ ಮಗಳು ಏಳನೇ ಕ್ಲಾಸು. ತ್ರಿಭುಜ ಆಯತದ ಅರ್ಧವಾದರೆ ಪಿರಮಿಡ್ ಡಬ್ಬಿಯ ಅರ್ಧ ಏಕಲ್ಲ ಎನ್ನುತ್ತಾಳೆ. ಉತ್ತರಿಸಲಾಗಲಿಲ್ಲ.
— ಪೋಷಕರು, ತುಮಕೂರು

ಉತ್ತರ: ಮಗಳಿಗೆ ಮೊದಲು ಶಹಭಾಸ್ ಹೇಳಿ. ಆರ್ಯಭಟನೂ 499ರಲ್ಲಿ ಅರ್ಧವೆಂದೇ ಸೂತ್ರ ಕೊಟ್ಟಿದ್ದ. 628ರಲ್ಲಿ ಬ್ರಹ್ಮಗುಪ್ತ ಅದನ್ನು ಮೂರನೇ ಒಂದು ಎಂದು ಸರಿಯಾಗಿ ಹೇಳಿದ. ತ್ರಿಭುಜದಿಂದ ಪಿರಮಿಡ್ಡಿಗೆ ಜಿಗಿಯುವಾಗ ಯಾರಿಗಾದರೂ ಮೊದಲು ಹೊಳೆಯುವುದು ಅರ್ಧವೇ.

ತ್ರಿಭುಜ ಮೇಲೇರಿದಂತೆ ಅಗಲ ಮಾತ್ರ ಕುಗ್ಗುತ್ತದೆ. ಪಿರಮಿಡ್ಡಿನಲ್ಲಿ ಉದ್ದ, ಅಗಲ ಎರಡೂ ಕುಗ್ಗುತ್ತವೆ. ಅರ್ಧ ಎತ್ತರದಲ್ಲಿ ಅಡ್ಡ ಕೊಯ್ದರೆ ಸಿಗುವ ಚೌಕದ ಬಾಹು ಅರ್ಧ, ವಿಸ್ತೀರ್ಣ ಕಾಲು ಭಾಗ. ಹಾಗಿರುವಾಗ ಒಟ್ಟು ಅರ್ಧ ಉಳಿಯುವುದು ಹೇಗೆ?

ಲೆಕ್ಕದಲ್ಲೇ ನೋಡಬೇಕೆಂದರೆ ಸಣ್ಣ ಘನಗಳನ್ನು ಮೆಟ್ಟಿಲಾಗಿ ಪೇರಿಸಿದಂತೆ ಎಣಿಸಲಿ. ಮೂರು ಮೆಟ್ಟಿಲಿಗೆ 9 + 4 + 1, ಅಂದರೆ 14 ಘನ. ಪೂರ್ಣ ಡಬ್ಬಿಗೆ 27. ಇದು ಅರ್ಧಕ್ಕಿಂತ ತುಸು ಜಾಸ್ತಿಯೇ! ಇಲ್ಲಿಗೇ ನಿಲ್ಲಿಸಿದರೆ ಅವಳ ಊಹೆ ಗಟ್ಟಿಯಾಗುತ್ತದೆ, ಮುಂದುವರಿಸಿ. ಐದಕ್ಕೆ 125ರಲ್ಲಿ 55. ಹತ್ತಕ್ಕೆ 1000ದಲ್ಲಿ 385. ಇಪ್ಪತ್ತಕ್ಕೆ 8000ದಲ್ಲಿ 2870, ಅಂದರೆ 0.359. ನೂರಕ್ಕೆ 10 ಲಕ್ಷದಲ್ಲಿ 3,38,350, ಅಂದರೆ 0.338. ಮೆಟ್ಟಿಲು ಸಣ್ಣದಾದಂತೆ ಹೊರಚಾಚಿದ ಭಾಗ ಕರಗುತ್ತದೆ. ಪಿರಮಿಡ್ಡಿನ ಒಳಗೇ ಹಿಡಿಸುವ ಮೆಟ್ಟಿಲುಗಳನ್ನು ಎಣಿಸಿದರೆ, ಅಂದರೆ ಅತಿ ಕೆಳಗಿನ ದೊಡ್ಡ ಪದರ ಬಿಟ್ಟರೆ, ಹತ್ತಕ್ಕೆ 285, ನೂರಕ್ಕೆ 3,28,350. ನಿಜವಾದ ಉತ್ತರ ಈ ಎರಡರ ನಡುವೆ ಸಿಕ್ಕಿಬೀಳುತ್ತದೆ. ಹತ್ತರವರೆಗೆ ಕೈಯಲ್ಲೇ ಮಾಡಲಿ, ಆಮೇಲೆ ಕ್ಯಾಲ್ಕುಲೇಟರ್ ಕೊಡಿ.

ಪ್ರಶ್ನೆ: ಸೂತ್ರ ಬಾಯಿಗೆ ಬಂದಿದ್ದರೂ ಲೆಕ್ಕದಲ್ಲಿ ಓರೆ ಎತ್ತರವನ್ನೇ ಹಾಕುತ್ತಾರೆ. ತಪ್ಪಿಸುವುದು ಹೇಗೆ? ವರ್ಗಮೂಲ ಸುಲಭವಾಗಿ ಬರುವ ಸಂಖ್ಯೆಗಳನ್ನೂ ಕೊಡಿ.
— ಶಿಕ್ಷಕಿ, ಕಲಬುರಗಿ

ಉತ್ತರ: ಚಿತ್ರದಲ್ಲಿ ಎದ್ದು ಕಾಣುವುದು ಹೊರಗಿನ ಓರೆ ಗೆರೆ. ಲಂಬ ಎತ್ತರ ಒಳಗೆ ಚುಕ್ಕೆ ಗೆರೆಯಾಗಿ ಅಡಗಿರುತ್ತದೆ, ಆದ್ದರಿಂದ ಮಕ್ಕಳ ಕೈ ಹೊರಗಿನದಕ್ಕೇ ಹೋಗುತ್ತದೆ. ಸೂತ್ರಕ್ಕೆ ಮೊದಲು ಎತ್ತರವನ್ನು ಅಳೆಯಿಸಿ. ಬಾಯಿ ತೆರೆದ ಪಿರಮಿಡ್ಡನ್ನು ತಲೆಕೆಳಗು ಹಿಡಿದು, ಬಾಯಿಯ ನಡುವೆ ಹಾಯುವಂತೆ ಒಂದು ಸ್ಕೇಲು ಅಡ್ಡ ಇಟ್ಟು, ಪೊರಕೆ ಕಡ್ಡಿಯೊಂದನ್ನು ತುದಿ ಮುಟ್ಟುವವರೆಗೆ ನೇರ ಇಳಿಸಿ, ಸ್ಕೇಲಿನ ಮಟ್ಟಕ್ಕೆ ಉಗುರಿನಿಂದ ಗುರುತು ಮಾಡಿ ಅಳೆಯಲಿ. ಪೈಥಾಗೊರಸ್ ಪ್ರಮೇಯ ಇನ್ನೂ ಕಲಿಯದವರಿಗೂ ಇದು ಸಾಕು.

ತಪ್ಪಿನ ಗಾತ್ರ ಕಾಣಿಸಲು ಈಜಿಪ್ಟಿನ ಗೀಜಾದ ದೊಡ್ಡ ಪಿರಮಿಡ್ ಕೊಡಿ. ಪಾದದ ಬಾಹು ಸುಮಾರು 230.3 ಮೀ., ಕಟ್ಟಿದಾಗಿನ ಎತ್ತರ ಸುಮಾರು 146.6 ಮೀ. ಘನಫಲ ಸುಮಾರು 26 ಲಕ್ಷ ಘನ ಮೀಟರ್. ಓರೆ ಎತ್ತರ 186.4 ಹಾಕಿದರೆ ಹತ್ತಿರ ಹತ್ತಿರ 33 ಲಕ್ಷ. ಇಲ್ಲದ ಏಳು ಲಕ್ಷ ಘನ ಮೀಟರ್ ಕಲ್ಲು ಲೆಕ್ಕಕ್ಕೆ ಸೇರಿಬಿಟ್ಟಿತು.

ಸುಲಭ ಸಂಖ್ಯೆಗಳು, ಪಾದದ ಬಾಹು, ಲಂಬ ಎತ್ತರ, ಓರೆ ಎತ್ತರ, ಘನಫಲ ಈ ಕ್ರಮದಲ್ಲಿ: 6, 4, 5, 48. 10, 12, 13, 400. 12, 8, 10, 384. 16, 15, 17, 1280. ನಾಲ್ಕರಲ್ಲೂ ವರ್ಗಮೂಲ ಪೂರ್ಣಾಂಕವೇ. ಮೊದಲು ಮೂರೂ ಅಳತೆ ಕೊಟ್ಟು “ಯಾವುದು ಬೇಡ?” ಎಂದು ಮಾತ್ರ ಕೇಳಿ, ಲೆಕ್ಕ ಮಾಡಿಸಬೇಡಿ. ಆಮೇಲೆ ಲಂಬ ಎತ್ತರ ಮರೆಮಾಡಿ. ಕೊನೆಗೆ ಘನಫಲ 400, ಪಾದ 10 ಎಂದು ಕೊಟ್ಟು ಎತ್ತರ ಕೇಳಿ. ಇಲ್ಲಿ ಹಲವರು 400ನ್ನು 100ರಿಂದ ಭಾಗಿಸಿ 4 ಎನ್ನುತ್ತಾರೆ. ಮೂರರಿಂದ ಗುಣಿಸುವುದು ಮರೆತಿರುತ್ತದೆ. ಓರೆ ಎತ್ತರ ಮತ್ತು ಪಕ್ಕದ ಅಂಚು ಬೇರೆ ಬೇರೆ ಎಂಬುದನ್ನೂ ಒಮ್ಮೆ ಬೆರಳಿಟ್ಟು ತೋರಿಸಿ. ಮೊದಲನೆಯದು ಮುಖದ ನಡುವೆ ಇಳಿಯುತ್ತದೆ, ಎರಡನೆಯದು ಮೂಲೆಗೆ.

ಪ್ರಶ್ನೆ: ಪಾದ ತ್ರಿಭುಜವಾದರೆ ಮೂರನೇ ಒಂದು ಬದಲಾಗುತ್ತದೆಯೇ?
— ವಿದ್ಯಾರ್ಥಿನಿ, ಶಿರಸಿ

ಉತ್ತರ: ಇಲ್ಲಮ್ಮ. ಪಾದ ತ್ರಿಭುಜ, ಷಡ್ಭುಜ, ವೃತ್ತ ಏನೇ ಇರಲಿ, ಅರ್ಧ ಎತ್ತರದಲ್ಲಿ ಅಡ್ಡ ಕೊಯ್ತದ ವಿಸ್ತೀರ್ಣ ಪಾದದ ಕಾಲು ಭಾಗವೇ, ಬೇರೆ ಎತ್ತರಗಳಲ್ಲೂ ಚೌಕದ್ದೇ ಪ್ರಮಾಣ. ಆದ್ದರಿಂದ ಪಾದದ ವಿಸ್ತೀರ್ಣ × ಎತ್ತರ ÷ 3 ಎಲ್ಲಕ್ಕೂ ನಡೆಯುತ್ತದೆ. ವೃತ್ತವಾದರೆ ಅದೇ ಶಂಕು, ಮುಂದೆ ಒಂಬತ್ತನೇ ತರಗತಿಯಲ್ಲಿ ಕಲಿಯುತ್ತೀಯ.

ತ್ರಿಭುಜ ಪಾದದಲ್ಲಿ ತೊಡಕು ಬೇರೆ: ಎರಡು ಎತ್ತರ, ಎರಡು ಭಿನ್ನರಾಶಿ ಬರುತ್ತವೆ. ಪಾದವಾಗಿರುವ ತ್ರಿಭುಜದ ಬಾಹು 8, ಅದರ ಎತ್ತರ 6, ಪಿರಮಿಡ್ಡಿನ ಎತ್ತರ 10 ಎಂದುಕೋ. ಪಾದದ ವಿಸ್ತೀರ್ಣ 24, ಘನಫಲ 80. ಅರ್ಧ ಮರೆತರೆ 160 ಬರುತ್ತದೆ, 10ರ ಜಾಗಕ್ಕೆ 6 ಹಾಕಿದರೆ 48. ಎರಡು ಎತ್ತರಗಳಿಗೆ ಬೇರೆ ಬೇರೆ ಅಕ್ಷರ ಕೊಟ್ಟು, ಪಾದದ ವಿಸ್ತೀರ್ಣವನ್ನು ಪ್ರತ್ಯೇಕ ಸಾಲಿನಲ್ಲಿ ಮುಗಿಸಿ, ಆಮೇಲೆ ಮೂರರಿಂದ ಭಾಗಿಸು.