ಹಳೆಯ ಸೇತುವೆ ಕೆಡವುವ ಮುನ್ನ ಯಾರನ್ನು ಕೇಳಬೇಕು?

ಪ್ರಶ್ನೆ: ಶ್ರೀರಂಗಪಟ್ಟಣಕ್ಕೆ ಸಮೀಪದ ನಮ್ಮ ಊರಿನಲ್ಲಿ ರಾಜ್ಯ ಹೆದ್ದಾರಿಯ ಮೇಲೆ ಅರಸರ ಕಾಲದ ಕಲ್ಲಿನ ಸೇತುವೆಯೊಂದಿದೆ. ಅದು ಶಿಥಿಲವಾಗಿದೆಯೆಂದು ಕೆಡವಿ, ಅದೇ ಜಾಗದಲ್ಲಿ ಹೊಸದನ್ನು ಕಟ್ಟಲು ಸಿದ್ಧತೆ ನಡೆದಿದೆ. ಪರಿಸರ ಅನುಮತಿಯಾಗಲಿ, ಪುರಾತತ್ವ ಇಲಾಖೆಯ ಒಪ್ಪಿಗೆಯಾಗಲಿ ಬೇಕಿಲ್ಲ ಎಂದು ಎಂಜಿನಿಯರ್ ಹೇಳುತ್ತಾರೆ. ಇದು ಸರಿಯೇ?
– ಓದುಗರೊಬ್ಬರು, ಶ್ರೀರಂಗಪಟ್ಟಣ ತಾಲ್ಲೂಕು

ಉತ್ತರ: ಮೊದಲನೆಯ ಮಾತು ಬಹುಮಟ್ಟಿಗೆ ಸರಿ, ಎರಡನೆಯದು ಸ್ಥಳದ ಅಳತೆ ಮಾಡದೆ ಹೇಳಬಹುದಾದ ಮಾತಲ್ಲ.

2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯು ಹೊಸ ಹೆದ್ದಾರಿಗಳನ್ನೂ ನಿರ್ದಿಷ್ಟ ಬಗೆಯ ವಿಸ್ತರಣೆಗಳನ್ನೂ ಒಳಗೊಳ್ಳುತ್ತದೆಯೇ ಹೊರತು, ಇರುವ ರಸ್ತೆಯ ಒಂದು ಸೇತುವೆಯನ್ನು ಅದೇ ಜಾಗದಲ್ಲಿ ಬದಲಿಸುವ ಕೆಲಸವನ್ನು ಪ್ರತ್ಯೇಕವಾಗಿ ಹೆಸರಿಸುವುದಿಲ್ಲ. ಆದರೆ ತಮ್ಮ ಭಾಗದಲ್ಲಿ 1940ರಿಂದ ಪಕ್ಷಿಧಾಮವಾಗಿರುವ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿದ ರಂಗನತಿಟ್ಟು ಇರುವುದರಿಂದ, ಸೇತುವೆಯು ಅದರ ಪರಿಸರ ಸೂಕ್ಷ್ಮ ವಲಯದೊಳಗೆ ಬರುತ್ತದೆಯೇ ಎಂಬುದನ್ನು ಅರಣ್ಯ ಇಲಾಖೆಯ ನಕ್ಷೆಯಲ್ಲಿ ನೋಡಲೇಬೇಕು. ರಸ್ತೆ ಬದಿಯ ಮರ ಕಡಿಯುವುದಿದ್ದರೆ 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿಯೂ ಬೇಕು.

ಪುರಾತತ್ವದ ವಿಷಯ ಇದಕ್ಕಿಂತ ಬಿಗಿಯಾದದ್ದು. 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯ ಪ್ರಕಾರ, ಕೇಂದ್ರ ಸಂರಕ್ಷಿತ ಸ್ಮಾರಕದ ಗಡಿಯಿಂದ 100 ಮೀಟರ್‌ವರೆಗೆ ಹೊಸ ನಿರ್ಮಾಣ ನಿಷಿದ್ಧ. ಸಾರ್ವಜನಿಕ ಕಾಮಗಾರಿಗೂ ಅಲ್ಲಿ ವಿನಾಯಿತಿ ಇಲ್ಲ. ಅದರಾಚೆಗಿನ 200 ಮೀಟರ್‌ನಲ್ಲಿ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ಮೇಲೆ ಸಕ್ಷಮ ಪ್ರಾಧಿಕಾರವು ಅನುಮತಿ ನೀಡಬಹುದು. ಶ್ರೀರಂಗಪಟ್ಟಣದ ಸುತ್ತ ದರಿಯಾ ದೌಲತ್, ಗುಂಬಜ್, ರಂಗನಾಥಸ್ವಾಮಿ ದೇವಾಲಯ ಹೀಗೆ ಕೇಂದ್ರದ ರಕ್ಷಣೆಯ ಸ್ಮಾರಕಗಳು ಹಲವಿವೆ. ಆದ್ದರಿಂದ ಸೇತುವೆಯ ಎರಡೂ ತುದಿಗಳಿಂದ, ಸೇತುವೆಗೆ ಬಂದು ಸೇರುವ ರಸ್ತೆಯನ್ನೂ ಸೇರಿಸಿ, ಅಳತೆಯಾಗಬೇಕು. ರಾಜ್ಯದ ಸಂರಕ್ಷಿತ ಸ್ಮಾರಕಗಳಿಗೆ 1961ರ ಪ್ರತ್ಯೇಕ ಕಾಯ್ದೆಯಿದ್ದು, ಅದನ್ನು ನೋಡಿಕೊಳ್ಳುವ ರಾಜ್ಯ ಪುರಾತತ್ವ ಇಲಾಖೆಯ ಕೇಂದ್ರ ಕಚೇರಿ ಮೈಸೂರಿನಲ್ಲಿಯೇ ಇದೆ. ತಮ್ಮ ಸೇತುವೆ ಯಾವ ಪಟ್ಟಿಯಲ್ಲಿಯೂ ಇಲ್ಲದಿದ್ದರೆ ಈ ಕಾಯ್ದೆಗಳ ನೇರ ರಕ್ಷಣೆ ಅದಕ್ಕಿಲ್ಲ. ಆಗ ಅದನ್ನು ಸಂರಕ್ಷಿತವೆಂದು ಘೋಷಿಸುವಂತೆ ಇಲಾಖೆಗೆ ಮನವಿ ಕೊಡುವುದೊಂದು ದಾರಿ.

ಅಮೆರಿಕದಲ್ಲಿ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರದಿದ್ದರೂ ಸೇರಲು ಅರ್ಹವಾಗಿರುವ ಸೇತುವೆಗೆ, ಒಕ್ಕೂಟ ಸರ್ಕಾರದ ಹಣವಿರುವ ಕಾಮಗಾರಿಯಲ್ಲಿ, 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾನೂನಿನ 106ನೇ ವಿಭಾಗದಡಿ ಸಮಾಲೋಚನೆ ನಡೆಯಲೇಬೇಕು. ನಮ್ಮಲ್ಲಿ ಪಟ್ಟಿಯ ಹೊರಗಿನದಕ್ಕೆ ಅಂಥ ವ್ಯವಸ್ಥೆಯಿಲ್ಲ ಎಂಬುದನ್ನು ನಾನು ದೊಡ್ಡ ಕೊರತೆಯೆಂದೇ ಎಣಿಸುತ್ತೇನೆ.

ಆದರೆ ಅನುಮತಿಗಳಿಗಿಂತ ಮೊದಲು ಕೇಳಬೇಕಾದದ್ದು, ಸೇತುವೆ ನಿಜಕ್ಕೂ ಬದಲಿಸಬೇಕಾದ ಸ್ಥಿತಿಯಲ್ಲಿದೆಯೇ ಎಂಬುದನ್ನು. ದಿವಾನ್ ಪೂರ್ಣಯ್ಯನವರ ಉಸ್ತುವಾರಿಯಲ್ಲಿ 1804ರಲ್ಲಿ ಮುಗಿದ ಶ್ರೀರಂಗಪಟ್ಟಣದ ವೆಲ್ಲೆಸ್ಲಿ ಸೇತುವೆಯಲ್ಲಿ ಕಂಬ, ಅದರ ತಲೆಯ ಮೇಲೆ ತೊಲೆಯನ್ನು ಹೊರುವ ಬೋದಿಗೆ, ತೊಲೆ ಎಲ್ಲವೂ ಕಲ್ಲು; ಕಮಾನೇ ಇಲ್ಲದ ಆ ಕಟ್ಟಡ ಕಾವೇರಿಯ ಎಷ್ಟೋ ಪ್ರವಾಹಗಳನ್ನು ಕಂಡಿದೆ. ಹಾಗೆಂದು ಅದರ ಮೇಲೆ ಇಂದಿನ ಲಾರಿಗಳನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಕಲ್ಲು ಸವೆಯದೆಯೂ ಸೇತುವೆ ಶಿಥಿಲವಾಗಬಹುದು: ಕೆಳಗೆ ಮರಳು ತೆಗೆದದ್ದರಿಂದ ಕಂಬದ ಬುಡದ ಮಣ್ಣು ಕೊಚ್ಚಿಹೋಗಿ ಅಡಿಪಾಯ ಬಯಲಾಗಿರಬಹುದು, ಸಂದುಗಳಲ್ಲಿ ಅರಳಿಯ ಬೇರು ಇಳಿದಿರಬಹುದು, ಮೇಲಿನ ನೀರು ಹರಿದುಹೋಗದೆ ಒಳಗಿನ ಗಾರೆ ಕರಗಿರಬಹುದು. ಇವು ಬಹುತೇಕ ದುರಸ್ತಿಯಾಗುವ ದೋಷಗಳು. ಭಾರ ಹೊರುವ ಶಕ್ತಿಯನ್ನು ಅಳೆಯಲು ಭಾರತೀಯ ರಸ್ತೆ ಕಾಂಗ್ರೆಸ್ಸಿನ ಎಸ್‌ಪಿ 37 ಎಂಬ ಮಾರ್ಗಸೂಚಿಯಿದೆ. ಅದರಂತೆ ಪರೀಕ್ಷೆ ನಡೆಯದೆ, ಕಣ್ಣಳತೆಯಲ್ಲಿಯೇ ‘ಶಿಥಿಲ’ ಎಂದು ಬರೆದಿದ್ದರೆ ಆ ತೀರ್ಮಾನವನ್ನು ಪ್ರಶ್ನಿಸಬಹುದು. ಹೊಸ ಸೇತುವೆಯನ್ನು ತುಸು ಪಕ್ಕಕ್ಕೆ ಕಟ್ಟಿ, ಹಳೆಯದನ್ನು ಪಾದಚಾರಿಗಳಿಗೂ ಸೈಕಲ್ಲಿಗೂ ಬಿಡುವ ಪರ್ಯಾಯದ ವೆಚ್ಚವನ್ನೂ ಲೆಕ್ಕ ಹಾಕಿದ್ದಾರೆಯೇ ನೋಡಿ. ಹಾಗೆ ಕಟ್ಟುವಾಗ ಎರಡೂ ಸೇತುವೆಗಳ ಕಂಬಗಳು ಒಂದೇ ಸಾಲಿಗೆ ಬರದಿದ್ದರೆ ಹರಿವು ತಡೆದು, ಬುಡದ ಕೊರೆತ ಹೆಚ್ಚುತ್ತದೆ ಎಂಬುದನ್ನು ವಿನ್ಯಾಸದಲ್ಲಿ ಗಮನಿಸಿರಬೇಕು.

ಮಾಹಿತಿ ಹಕ್ಕು ಕಾಯ್ದೆಯಡಿ ಲೋಕೋಪಯೋಗಿ ಇಲಾಖೆಯಿಂದ ತಪಾಸಣಾ ವರದಿ, ನೀರಿನ ಹರಿವಿನ ಲೆಕ್ಕ, ವಿವರವಾದ ಯೋಜನಾ ವರದಿಯ (ಡಿಪಿಆರ್) ಪರ್ಯಾಯಗಳ ಅಧ್ಯಾಯ, ಪುರಾತತ್ವ ಮತ್ತು ಅರಣ್ಯ ಇಲಾಖೆಗಳೊಂದಿಗಿನ ಪತ್ರವ್ಯವಹಾರ, ಇವಿಷ್ಟನ್ನೂ ಒಂದೇ ಅರ್ಜಿಯಲ್ಲಿ ಕೇಳಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಟೆಂಡರ್ ಆದ ಮೇಲೆ ವಿನ್ಯಾಸ ಬದಲಾಗುವುದು ಕಷ್ಟ, ಆದ್ದರಿಂದ ಅರ್ಜಿ ಈಗಲೇ ಹೋಗಲಿ. ಕೆಡವುವುದೇ ಖಚಿತವಾದರೆ, ಮೊದಲು ಪೂರ್ಣ ಅಳತೆಯ ನಕ್ಷೆ ಮತ್ತು ಛಾಯಾಚಿತ್ರಗಳ ದಾಖಲೆಯಾಗಬೇಕು, ಶಾಸನವಿರುವ ಕಲ್ಲುಗಳನ್ನು ಬೇರ್ಪಡಿಸಿಡಬೇಕು, ಅವಶೇಷವನ್ನು ನೀರಿಗೆ ತಳ್ಳಬಾರದು, ನದಿಯೊಳಗಿನ ಕೆಲಸ ಮುಂಗಾರಿಗೆ ಮೊದಲೇ ಮುಗಿಯಬೇಕು ಎಂಬ ಷರತ್ತುಗಳನ್ನು ಗುತ್ತಿಗೆ ಒಪ್ಪಂದದಲ್ಲಿಯೇ ಸೇರಿಸುವಂತೆ ಲಿಖಿತವಾಗಿ ಕೋರಿ, ಸ್ವೀಕೃತಿ ಪಡೆದುಕೊಳ್ಳಿ.