ಬ್ಯಾಂಕಿನ ಟೆಕ್ ಇಂಟರ್ನ್‌ಶಿಪ್‌ನಲ್ಲಿ ನಿಜಕ್ಕೂ ಏನು ಕೆಲಸ ಇರುತ್ತದೆ?

ಬೇಸಿಗೆ ರಜೆಗೆ ಬ್ಯಾಂಕೊಂದರ ಟೆಕ್ನಾಲಜಿ ವಿಭಾಗದಲ್ಲಿ ಇಂಟರ್ನ್‌ಶಿಪ್ ಸಿಕ್ಕಿದೆ, ಅಲ್ಲಿ ನಿಜವಾಗಿ ಕೋಡ್ ಬರೆಸುತ್ತಾರಾ, ಇಲ್ಲ ಎಕ್ಸೆಲ್ ಶೀಟ್ ತುಂಬಿಸಿ ಕಳಿಸುತ್ತಾರಾ ಅಂತ ಕೇಳಿದ್ದೀರಿ. ಬರೆಸುತ್ತಾರೆ. ನೀವು ಅಂದುಕೊಂಡಷ್ಟು ಇರುವುದಿಲ್ಲ, ಅಷ್ಟೇ. ಬರೆದ ನಾಲ್ಕು ಸಾಲು ಸರಿ ಇದೆ ಅಂತ ಇನ್ನೊಬ್ಬರಿಗೆ ತೋರಿಸಿಕೊಡುವುದರಲ್ಲೇ ಜಾಸ್ತಿ ಹೊತ್ತು ಹೋಗುತ್ತದೆ. ಕೇಳಿದರೆ ಬೋರು ಅನ್ನಿಸುತ್ತದೆ ಅಲ್ವಾ? ನಾನು ಅಲ್ಲಿ ಕಲಿತದ್ದೆಲ್ಲ ಆ ಹೊತ್ತಿನಲ್ಲೇ. ಕಳೆದ ಬೇಸಿಗೆಯಲ್ಲಿ ಪಾವತಿ ವ್ಯವಸ್ಥೆ ನೋಡಿಕೊಳ್ಳುವ ತಂಡದಲ್ಲಿದ್ದೆ, ಹಾಗಾಗಿ ಆ ಕಡೆಯ ಕತೆಯನ್ನಷ್ಟೇ ಹೇಳುತ್ತೇನೆ.

ಮೊದಲಿಗೆ ಕಾಯಬೇಕು. ಲ್ಯಾಪ್‌ಟಾಪ್ ಕೊಡುತ್ತಾರೆ, ಆದರೆ ಅದರಲ್ಲಿ ಪೆನ್‌ಡ್ರೈವ್ ಓಡುವುದಿಲ್ಲ, ನಿಮ್ಮಿಷ್ಟದ ಎಡಿಟರ್ ಹಾಕಿಕೊಳ್ಳಲು ಬಿಡುವುದಿಲ್ಲ, ಸ್ವಂತ ಮೇಲ್ ತೆರೆಯುವುದಿಲ್ಲ. ಡೇಟಾಬೇಸ್ ನೋಡಬೇಕೆಂದರೆ ಟಿಕೆಟ್, ಅಂದರೆ ಆನ್‌ಲೈನ್ ಕೋರಿಕೆ, ಹಾಕಬೇಕು. ಅದಕ್ಕೆ ನಿಮ್ಮ ಮ್ಯಾನೇಜರ್ ಒಪ್ಪಬೇಕು, ಆಮೇಲೆ ಆ ಡೇಟಾಬೇಸ್ ಯಾರ ಕೈಯಲ್ಲಿದೆಯೋ ಅವರೂ ಒಪ್ಪಬೇಕು. ಈ ನಡುವೆ ಅಕ್ರಮ ಹಣದ ಬಗ್ಗೆ, ಗ್ರಾಹಕರ ಮಾಹಿತಿ ಕಾಪಾಡುವ ಬಗ್ಗೆ, ಮೋಸದ ಮೇಲ್ ಗುರುತಿಸುವ ಬಗ್ಗೆ ಸಾಲು ಸಾಲು ವಿಡಿಯೋ ನೋಡಿ ಪರೀಕ್ಷೆ ಬರೆಯಬೇಕು. ಭದ್ರತಾ ತಂಡದವರು ಆಗಾಗ ತಾವೇ ಒಂದು ನಕಲಿ ಮೋಸದ ಮೇಲ್ ಕಳಿಸಿ ಯಾರು ಕ್ಲಿಕ್ ಮಾಡುತ್ತಾರೆ ಅಂತ ನೋಡುತ್ತಾರೆ. ಕ್ಲಿಕ್ ಮಾಡಿದವರಿಗೆ ಮತ್ತೆ ಅದೇ ವಿಡಿಯೋ.

ಈ ಕಾಯುವ ದಿನಗಳನ್ನು ಸುಮ್ನೆ ಕಳೆಯಬೇಡಿ. ಒಂದು ಪಾವತಿ ಒಳಗೆ ಬಂದು ಖಾತೆಗೆ ಸೇರುವ ತನಕ ಯಾವ್ಯಾವ ಸಿಸ್ಟಮ್ ಮುಟ್ಟುತ್ತದೆ ಅಂತ ಕೇಳಿ ಕೇಳಿ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ತಂಡದಲ್ಲಿ ಎಲ್ಲರಿಗೂ ತಮ್ಮ ತಮ್ಮ ತುಂಡು ಚೆನ್ನಾಗಿ ಗೊತ್ತಿರುತ್ತದೆ. ಪೂರ್ತಿ ದಾರಿ ಗೊತ್ತಿರುವವರು ಕಡಿಮೆ. ನನ್ನ ಹಾಳೆಯ ಫೋಟೋಕಾಪಿ ಕೊನೆಗೆ ಇನ್ನೊಬ್ಬರ ಮೇಜಿನ ಮೇಲೂ ಕಂಡಿತು.

ನನಗೆ ಕೊಟ್ಟ ಕೆಲಸ ರೀಕನ್ಸಿಲಿಯೇಷನ್‌ಗೆ ಸೇರಿದ್ದು. ಅಲ್ಲಿ ಎಲ್ಲರೂ ಚಿಕ್ಕದಾಗಿ ರೀಕಾನ್ ಅನ್ನುತ್ತಾರೆ. ಅಂದರೆ ಲೆಕ್ಕ ತಾಳೆ ನೋಡುವುದು. ಕಾರ್ಡ್ ನೆಟ್‌ವರ್ಕ್‌ನಿಂದ ದಿನದ ಕೊನೆಗೆ ಒಂದು ಫೈಲ್ ಬರುತ್ತದೆ: ಇಷ್ಟು ವ್ಯವಹಾರ, ಇಷ್ಟು ಮೊತ್ತ. ಬ್ಯಾಂಕಿನ ಲೆಡ್ಜರ್, ಅಂದರೆ ಖಾತೆಗಳ ಲೆಕ್ಕದ ಪುಸ್ತಕ, ತನ್ನದೇ ಲೆಕ್ಕ ಇಟ್ಟಿರುತ್ತದೆ. ರಾತ್ರಿ ತಾನಾಗಿ ಓಡುವ ಒಂದು ಪ್ರೋಗ್ರಾಂ (ಬ್ಯಾಚ್) ಎರಡನ್ನೂ ಸಾಲು ಸಾಲಾಗಿ ಹೋಲಿಸುತ್ತದೆ. ಹೊಂದದ ಸಾಲಿಗೆ ಬ್ರೇಕ್ ಅಂತ ಹೆಸರು. ಬೆಳಗ್ಗೆ ಆಪರೇಷನ್ಸ್ ತಂಡದವರು ಒಂದೊಂದೇ ಬ್ರೇಕ್ ತೆಗೆದು ಯಾಕೆ ಹೀಗಾಯಿತು ಅಂತ ಹುಡುಕುತ್ತಾರೆ. ಆ ಬ್ರೇಕ್‌ಗಳನ್ನು ಕಾರಣದ ಪ್ರಕಾರ ಗುಂಪು ಮಾಡಿ ಕೊಡುವ ಸಣ್ಣ ಟೂಲ್ ಬರೆಯುವುದು ನನ್ನ ಪಾಲು. ಪೈಥಾನ್, ಎಸ್‌ಕ್ಯೂಎಲ್, ಅಷ್ಟೇ. ಎಐ ಮಾದರಿ ಕಟ್ಟುತ್ತೇನೆ ಅಂತ ಕನಸು ಕಂಡಿದ್ದರೆ ಮನೆಯಲ್ಲೇ ಬಿಟ್ಟು ಹೋಗಿ.

ಒಂದು ಬ್ರೇಕ್‌ನ ಕತೆ ಹೇಳಿದರೆ ಕೆಲಸ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಟೆಸ್ಟ್ ಡೇಟಾದಲ್ಲಿ ಕೆಲವು ಸಾಲುಗಳು ಸರಿಯಾಗಿ ನೂರು ಪಟ್ಟು ತಪ್ಪಿದ್ದವು. ಒಂದು ಕಡೆ 5000, ಇನ್ನೊಂದು ಕಡೆ 50. ಕಾರ್ಡ್ ಸಂದೇಶಗಳಿಗೆ ಐಎಸ್‌ಒ 8583 ಅನ್ನುವ ಮಾನದಂಡ ಇದೆ. ಅದರಲ್ಲಿ ಮೊತ್ತ 12 ಅಂಕಿಗಳಲ್ಲಿ ಬರುತ್ತದೆ, ಮುಂದೆ ಸೊನ್ನೆ ತುಂಬಿರುತ್ತದೆ, ಚುಕ್ಕೆ ಮಾತ್ರ ಇರುವುದಿಲ್ಲ. ಹೀಗೆ: 000000005000. ಇದು ಎಷ್ಟು ದುಡ್ಡು? ಪಕ್ಕದ ಕರೆನ್ಸಿ ಕೋಡ್ ನೋಡದೆ ಹೇಳಲಾಗದು. 840 ಇದ್ದರೆ ಅಮೆರಿಕದ ಡಾಲರ್, ಅಂದರೆ 50.00. 414 ಇದ್ದರೆ ಕುವೈತ್ ದಿನಾರ್, ಅದಕ್ಕೆ ಮೂರು ದಶಮಾಂಶ ಸ್ಥಾನ, ಹಾಗಾಗಿ ಬರೀ 5.000. 392 ಇದ್ದರೆ ಜಪಾನಿನ ಯೆನ್. ಯೆನ್‌ಗೆ ದಶಮಾಂಶವೇ ಇಲ್ಲ, ಪೂರ್ತಿ 5000. ಹಳೆಯ ಸ್ಕ್ರಿಪ್ಟ್ ಒಂದು ಬಂದದ್ದನ್ನೆಲ್ಲ ಕಣ್ಣುಮುಚ್ಚಿ 100ರಿಂದ ಭಾಗಿಸುತ್ತಿತ್ತು. ಬರೆದವರ ಕಾಲದಲ್ಲಿ ಆ ಫೈಲ್‌ನಲ್ಲಿ ಯೆನ್ ಬರುತ್ತಲೇ ಇರಲಿಲ್ಲವಂತೆ.

ಕಾಲೇಜಿನಲ್ಲಿ ಹತ್ತು ಅಸೈನ್‌ಮೆಂಟ್ ಮಾಡಿದರೂ ಇದು ತಲೆಗೆ ಹೊಳೆಯುವುದಿಲ್ಲ. ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ 0.30000000000000004 ಬರುತ್ತದೆ ಅಂತ ನಾವೆಲ್ಲ ನೋಡಿ ನಕ್ಕಿರುತ್ತೇವೆ. ಲೆಡ್ಜರ್ ಮುಂದೆ ಕೂತಾಗ ನಗು ಬರುವುದಿಲ್ಲ. ಲಕ್ಷಾಂತರ ಸಾಲು ಕೂಡಿಸಿದಾಗ ಆ ಬಾಲ ಎಲ್ಲೋ ಒಂದು ಕಡೆ ಮೊತ್ತವನ್ನೇ ಕೆಡಿಸುತ್ತದೆ. ಅದಕ್ಕೇ ಹಣಕ್ಕೆ ಫ್ಲೋಟ್, ಅಂದರೆ ದಶಮಾಂಶವನ್ನು ಹೀಗೆ ಅಂದಾಜಾಗಿ ಇಡುವ ಸಂಖ್ಯೆ, ಬಳಸಿದರೆ ಬೇರೆಯವರು ಕೋಡ್ ಪರಿಶೀಲಿಸುವ ರಿವ್ಯೂನಲ್ಲಿ ಮೊದಲ ಸಾಲಿಗೇ ವಾಪಸ್ ಬರುತ್ತದೆ, ಡೆಸಿಮಲ್ ಟೈಪ್ ಬಳಸಿ ಅಂತ. ಕೋಬಾಲ್ ಅನ್ನುವ ಹಳೆಯ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿದ್ದು 1959ರಲ್ಲಿ. ಅದರಲ್ಲಿ ದಶಮಾಂಶ ಲೆಕ್ಕ ಮೊದಲಿಂದಲೇ ಇದೆ. ಅದು ಇನ್ನೂ ಬ್ಯಾಂಕುಗಳಲ್ಲಿ ಓಡುತ್ತಿರುವುದು ಸೋಮಾರಿತನದಿಂದ ಅಂತ ನಾನೂ ಅಂದುಕೊಂಡಿದ್ದೆ. ಬರೀ ಸೋಮಾರಿತನವಲ್ಲ. ದಶಕಗಳ ನಿಯಮ, ವಿನಾಯಿತಿ ಎಲ್ಲ ಆ ಕೋಡ್‌ನ ಒಳಗೇ ಕೂತಿದೆ, ಹೊರಗೆ ಎಲ್ಲೂ ಬರೆದಿಟ್ಟಿಲ್ಲ. ಆ ಕೋಡ್ ಓಡುವ ದೊಡ್ಡ ಕಂಪ್ಯೂಟರ್, ಅಂದರೆ ಮೇನ್‌ಫ್ರೇಮ್, ಬಲ್ಲವರು ನಮ್ಮ ತಂಡದಲ್ಲಿ ಒಬ್ಬರಿದ್ದರು. ಅವರು ರಜೆ ಹಾಕಿದ ದಿನ ಎಲ್ಲರೂ ಸ್ವಲ್ಪ ಮೆತ್ತಗೆ ಮಾತಾಡುತ್ತಿದ್ದರು.

ಇನ್ನು ನಿಧಾನದ ವಿಚಾರ. ಆ 100ರ ಭಾಗಾಕಾರ ಸರಿಪಡಿಸಲು ಬೇಕಾದದ್ದು ಯಾವ ಕರೆನ್ಸಿಗೆ ಎಷ್ಟು ದಶಮಾಂಶ ಅನ್ನುವ ಒಂದು ಪಟ್ಟಿ, ಒಂದು ಸಾಲು ಕೋಡ್. ಅದು ಹೊರಗೆ ಹೋಗಲು ಬೇಕಾದದ್ದು: ಇಬ್ಬರ ರಿವ್ಯೂ, ಟೆಸ್ಟ್ ಓಡಿಸಿದ ಪುರಾವೆ, ತಪ್ಪಿದರೆ ಹಿಂದಕ್ಕೆ ಹೇಗೆ ಹೋಗುವುದು ಅಂತ ಬರಹದಲ್ಲಿ ಯೋಜನೆ, ಬದಲಾವಣೆ ಸಮಿತಿಯ ಒಪ್ಪಿಗೆ. ಅಷ್ಟರಲ್ಲಿ ತ್ರೈಮಾಸಿಕದ ಕೊನೆ ಬಂತು, ಫ್ರೀಜ್ ಹಾಕಿದರು. ಫ್ರೀಜ್ ಅಂದರೆ ಲೆಕ್ಕ ಮುಗಿಯುವ ತನಕ ಯಾರೂ ಏನನ್ನೂ ಮುಟ್ಟುವ ಹಾಗಿಲ್ಲ. ಗೊಣಗಿದಾಗ ನನ್ನ ಮೆಂಟರ್ ನೈಟ್ ಕ್ಯಾಪಿಟಲ್ ಕತೆ ಹೇಳಿದರು. ಅದು ಬ್ಯಾಂಕಲ್ಲ, ಅಮೆರಿಕದ ಷೇರು ವಹಿವಾಟಿನ ಸಂಸ್ಥೆ. 2012ರ ಆಗಸ್ಟ್ 1ರಂದು ಹೊಸ ಕೋಡ್ ಎಂಟು ಸರ್ವರ್‌ಗಳ ಪೈಕಿ ಏಳಕ್ಕೆ ಮಾತ್ರ ಹೋಗಿತ್ತು. ಎಂಟನೆಯದರಲ್ಲಿ ವರ್ಷಗಳಿಂದ ಬಳಸದ ಹಳೆಯ ಕೋಡ್ ಎದ್ದು ಕೂತಿತು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್‌ಗೂ ಹೆಚ್ಚು ಹೋಯಿತು. ಕತೆ ಕೇಳಿ ನಾನು ಬಾಯಿ ಮುಚ್ಚಿಕೊಂಡೆ. ಹಾಗಂತ ಅಲ್ಲಿನ ಪ್ರತಿ ಸಹಿಗೂ ಅರ್ಥ ಇದೆ ಅಂತ ನಾನು ಒಪ್ಪುವುದಿಲ್ಲ. ಕೆಲವು ಫಾರ್ಮ್‌ಗಳನ್ನು ಯಾರೂ ಓದುವುದಿಲ್ಲ, ತುಂಬಿಸುವವರಿಗೂ ಅದು ಗೊತ್ತು. ನನ್ನ ಅಂದಾಜಿನಲ್ಲಿ ಅರ್ಧ ಎಚ್ಚರ, ಅರ್ಧ ರೂಢಿ.

ಹೋಗಬೇಕಾ ಅಂತ ಕೇಳಿದರೆ, ಈ ಬ್ರೇಕ್ ಕತೆ ಓದುವಾಗ ನಿಮಗೆ ಕುತೂಹಲ ಆಯಿತಾ ನೋಡಿಕೊಳ್ಳಿ. ಆಗಿದ್ದರೆ ಕಣ್ಣುಮುಚ್ಚಿ ಹೋಗಿ. ಆ್ಯಪ್ ಕಟ್ಟಿ ಅದೇ ವಾರ ಜನರ ಕೈಗೆ ಕೊಡುವುದರಲ್ಲಿ ನಿಮಗೆ ಖುಷಿ ಅಂದರೆ ಸಣ್ಣ ಸಾಫ್ಟ್‌ವೇರ್ ಕಂಪನಿಯೇ ಮೇಲು. ಇನ್ನೊಂದು ಮಾತು: ಬ್ಯಾಂಕಿನಲ್ಲಿ ಬರೆದ ಒಂದು ಸಾಲು ಕೋಡನ್ನೂ ಹೊರಗೆ ತರುವ ಹಾಗಿಲ್ಲ. ಗಿಟ್‌ಹಬ್‌ಗೆ ಹಾಕುವುದು, ಸ್ಕ್ರೀನ್‌ಶಾಟ್ ತೋರಿಸುವುದು ಎಲ್ಲ ನಿಷಿದ್ಧ. ಮುಂದಿನ ಸಂದರ್ಶನದಲ್ಲಿ ಬಾಯಿಮಾತಿನಲ್ಲೇ ಹೇಳಬೇಕು, ಅದೂ ಸಿಸ್ಟಮ್ ಹೆಸರು ಎತ್ತದೆ. ಹಾಗಾಗಿ ಸಮಸ್ಯೆ ಏನಿತ್ತು, ಹೇಗೆ ಕಂಡುಹಿಡಿದಿರಿ ಅನ್ನುವುದನ್ನು ಅವತ್ತವತ್ತೇ ಮನಸ್ಸಿನಲ್ಲಿ ಕೂರಿಸಿಕೊಳ್ಳಿ.

ಸೇರುವ ಮುಂಚೆ ಎಚ್‌ಆರ್‌ಗೆ ಒಂದು ಮೇಲ್ ಹಾಕಿ ಎರಡು ಪ್ರಶ್ನೆ ಕೇಳಿ. ಯಾವ ತಂಡ ಅಂತ ಈಗಲೇ ಹೇಳಬಹುದಾ? ನನ್ನ ಆ್ಯಕ್ಸೆಸ್ ಟಿಕೆಟ್‌ಗಳನ್ನು ನಾನು ಬರುವ ಮೊದಲೇ ಮ್ಯಾನೇಜರ್ ಹಾಕಿಡಬಹುದಾ? ಎರಡನೆಯದಕ್ಕೆ ಹೂಂ ಅಂದರೆ ಕಾಯುವ ದಿನಗಳಲ್ಲಿ ಎಷ್ಟೋ ಉಳಿಯುತ್ತದೆ.