ದನಿ ಬದಲಿಸದಿದ್ದರೆ ಅದು ಆಟವಲ್ಲವೇ?

ಬೆಂಗಳೂರಿನ ಓದುಗರೊಬ್ಬರ ಪತ್ರ ನನ್ನ ಮೇಜಿನ ಮೇಲೇ ಇದೆ. ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಇವರಿಗೆ ವಯಸ್ಸು 31, ಲೆಕ್ಕಪತ್ರದ ಕೆಲಸ. ಒಂದೂವರೆ ವರ್ಷದಿಂದ ಹದಿನೈದು ದಿನಕ್ಕೊಮ್ಮೆ, ಶನಿವಾರ, ಗೆಳೆಯರ ಜೊತೆ ಕೂತು ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುತ್ತಾರೆ. ಒಬ್ಬೊಬ್ಬರೂ ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಸಾಹಸದ ಕತೆಯೊಂದನ್ನು ಮುಂದುವರಿಸುವ ಮೇಜಿನಾಟ ಅದು. ಇವರದು ಗುರಾಣಿ ಹಿಡಿದ ಕುಳ್ಳಿ ಯೋಧೆಯ ಪಾತ್ರ. ಎಲ್ಲಿ ನಿಂತರೆ ಶತ್ರು ದಾಟಲಾರ, ಇಪ್ಪತ್ತು ಮುಖದ ದಾಳ ಎಷ್ಟು ಬಿದ್ದರೆ ಏಟು ತಾಗುತ್ತದೆ ಎಂಬ ಲೆಕ್ಕದಲ್ಲೇ ಇವರಿಗೆ ಖುಷಿ. ಆ ಯೋಧೆಯ ದನಿಯಲ್ಲಿ ಮಾತಾಡು ಎಂದರೆ ಮಾತ್ರ ಬಾಯಿ ಒಣಗುತ್ತದೆ. ಗುಂಪಿನಲ್ಲಿರುವ ಹವ್ಯಾಸಿ ನಾಟಕದವನೊಬ್ಬ ‘ನೀನು ಆಡ್ತಿರೋದು ಎಕ್ಸೆಲ್ ಶೀಟು, ನಿನಗೆ ಕತೆ ಬೇಕಾಗಿಲ್ಲ’ ಎಂದನಂತೆ. ಆಟ ಬಿಟ್ಟುಬಿಡಲೇ ಎಂದು ಕೇಳಿದ್ದಾರೆ.

ನೀವು ಪತ್ರದ ಕೊನೆಯಲ್ಲಿ ಬ್ರ್ಯಾಕೆಟ್ ಹಾಕಿ ಒಂದು ಸಾಲು ಸೇರಿಸಿದ್ದೀರಿ: ‘ಹಿಂದಿನ ಸಲ ಏನಾಯ್ತು ಅಂತ ಎಲ್ಲರೂ ನನ್ನ ನೋಟ್‌ಬುಕ್ಕನ್ನೇ ಕೇಳ್ತಾರೆ, ಅದು ಬಿಡಿ.’ ಯಾಕೆ ಬಿಡಬೇಕು? ಯಾವ ಊರಲ್ಲಿ ಯಾರಿಗೆ ಮಾತು ಕೊಟ್ಟಿದ್ದರು, ಯಾರ ಋಣ ಬಾಕಿ ಇದೆ, ಎಲ್ಲ ನಿಮ್ಮ ಕೈಬರಹದಲ್ಲಿದೆ. ಕತೆ ಬೇಡದವರು ಒಂದೂವರೆ ವರ್ಷ ಅದನ್ನು ಬರೆದಿಡುತ್ತಾರೆಯೇ? ಕತೆಯನ್ನು ಮರೆತು ಬರುವವನು ಆ ನಾಟಕದವನು. ನನ್ನ ಮಟ್ಟಿಗೆ ತಪ್ಪೆಲ್ಲ ಅವನದೇ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಈ ಆಟ ಹೊರತಂದಾಗ ಮುಖಪುಟದಲ್ಲಿ ಅಚ್ಚಾಗಿದ್ದದ್ದು ಕಾಗದ, ಪೆನ್ಸಿಲ್, ಪುಟ್ಟ ಗೊಂಬೆಗಳಿಂದ ಆಡುವ ಯುದ್ಧದಾಟದ ನಿಯಮಗಳು ಎಂದು. ಅದು ಹುಟ್ಟಿದ್ದೇ ಗೊಂಬೆ ಸೈನಿಕರನ್ನು ನಡೆಸುವವರ ಮೇಜಿನ ಮೇಲೆ. 2014ರ ಆಟಗಾರರ ಕೈಪಿಡಿಯೂ ಪಾತ್ರ ನಿರ್ವಹಣೆಗೆ ಎರಡು ದಾರಿ ಹೇಳುತ್ತದೆ: ಅಭಿನಯಿಸುವುದು, ಇಲ್ಲವೇ ವಿವರಿಸುವುದು. ‘ನನ್ನ ಯೋಧೆ ಕಾವಲುಗಾರನನ್ನು ದುರುಗುಟ್ಟಿ ನೋಡುತ್ತಾಳೆ’ ಎಂದರೆ ಸಾಕು.

ಕತೆ ನಡೆಸಿಕೊಡುವ ನಿಮ್ಮ ಡಂಜನ್ ಮಾಸ್ಟರ್ ಮೇಲೆ ನನಗೆ ಸಿಟ್ಟಿಲ್ಲ, ಇಡೀ ಲೋಕವನ್ನು ಕಟ್ಟಿ ತರುವ ಶ್ರಮ ಅವರದು. ಆದರೆ ದನಿ ಬದಲಿಸಿದವರಿಗಷ್ಟೇ ಇನ್‌ಸ್ಪಿರೇಷನ್ ಎಂಬ ಬಹುಮಾನ ಕೊಡುವುದು ಸರಿಯಲ್ಲ. ಗಾಯಗೊಂಡ ಮಾಂತ್ರಿಕನನ್ನು ಬಿಟ್ಟು ಓಡದೆ ಸೇತುವೆಗೆ ಅಡ್ಡ ನಿಂತಿರಲ್ಲ, ಎರಡು ದಾಳ ಉರುಳಿಸಿ ದೊಡ್ಡದನ್ನು ಇಟ್ಟುಕೊಳ್ಳುವ ಆ ಬಹುಮಾನದ ಅವಕಾಶ ಅವತ್ತು ನಿಮಗೇ ಸಲ್ಲಬೇಕಿತ್ತು.

ಬಿಡುವಿನ ದಿನದ ಖುಷಿಗೆ ಪರೀಕ್ಷಕರು ಬೇಡ ಎಂದು ಈ ಅಂಕಣದಲ್ಲಿ ಎಷ್ಟೋ ಸಲ ಬರೆದಿದ್ದೇನೆ. ರಾಗ ಬಾರದವರು ಭಜನೆಗೆ ಬರಬೇಡಿ ಎಂದ ಅತ್ತಿಗೆಯ ಪತ್ರಕ್ಕೂ ಇದೇ ಉತ್ತರ ಕೊಟ್ಟಿದ್ದೆ. ತಾಳ ಹಾಕುವವರೂ ಭಜನೆಯವರೇ.

ಆಟ ಬಿಡಬೇಡಿ. ಮುಂದಿನ ಶನಿವಾರ ದಾಳ ಹೊರತೆಗೆಯುವ ಮೊದಲೇ ಡಂಜನ್ ಮಾಸ್ಟರಿಗೆ ಎಲ್ಲರೆದುರು ಹೇಳಿ: ‘ನನ್ನ ಯೋಧೆ ಏನು ಮಾಡ್ತಾಳೆ ಅಂತ ನಾನು ಹೇಳ್ತೀನಿ. ಅವಳ ಹಾಗೆ ಮಾತಾಡಲ್ಲ.’ ಸಾರಿ ಅನ್ನಬೇಡಿ, ಕಾರಣ ಕೊಡಬೇಡಿ. ಆಮೇಲೆ ನೋಟ್‌ಬುಕ್ ತೆರೆದು, ಹಿಂದಿನ ಸಲ ಎಲ್ಲಿಗೆ ನಿಂತಿತ್ತೋ ಅಲ್ಲಿಂದ ಓದಿ.